ತಟ್ಟಂಗಿ

ಕೇಳಿದ್ದು ಬೆನ್ನಿರುವ ಕುರ್ಚಿ. ಅಷ್ಟೇ. ಬಂಗಾರದ ಸಿಂಹಾಸನವನ್ನೇನೂ ಯಾರೂ ಕೇಳಿರಲಿಲ್ಲ.

ನಂಜನಗೂಡು ರಸ್ತೆಯ ಸುಪಥ ಬ್ಯಾಗ್ ಕಾರ್ಖಾನೆಯಲ್ಲಿ ಎಂಟುನೂರು ಹೆಂಗಸರು ಮಕ್ಕಳ ಶಾಲೆಯ ಚೀಲ ಹೊಲಿಯುತ್ತಿದ್ದರು. ಚೀಲ ಮಗುವಿನ ಬೆನ್ನಿಗೆ ಒತ್ತಬಾರದೆಂದು ಅದರ ಹಿಂಬದಿಗೆ ಎರಡು ಬೆರಳು ದಪ್ಪದ ಮೆತ್ತೆ ಇಟ್ಟು ಹೊಲಿಯಬೇಕು. ಹೊಲಿಯುವವರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಒರಗಲು ಏನೂ ಇಲ್ಲದ ಕಬ್ಬಿಣದ ಸ್ಟೂಲಿನ ಮೇಲೆ ಬಗ್ಗಿ ಕೂರಬೇಕು. ಮನೆಗೆ ಹೋಗುವ ಬಸ್ಸಿನಲ್ಲಿ ಯಾರ ಬಾಯಲ್ಲಿ ನೋಡಿದರೂ ಸೊಂಟದ ಸುದ್ದಿ, ಬೆನ್ನಿನ ಸುದ್ದಿ. ಕೊನೆಗೆ ಮೂರನೆಯ ಲೈನಿನ ಕೋಮಲ ಸಭೆಯಲ್ಲಿ ಎದ್ದು ನಿಂತು, "ಸಾರ್, ಒರಗಿಕೊಳ್ಳಾಕೆ ಒಂದು ಹಲಗೆನಾದ್ರೂ ಇರೋ ಕುರ್ಚಿ ಕೊಡಿ" ಎಂದು ಕೇಳಿಯೇಬಿಟ್ಟಳು.

ಕಂಪನಿಯಲ್ಲಿ ಸುದರ್ಶನ್ ಎಂಬ ಪ್ರೇರಣಾ ಅಧಿಕಾರಿಯಿದ್ದ. ಕೆಲಸಗಾರರಲ್ಲಿ ಹುರುಪು ತುಂಬುವುದೇ ಅವನ ಹುದ್ದೆ. ಆತ ನಗುನಗುತ್ತಲೇ ಉತ್ತರಿಸಿದ. "ಕುರ್ಚಿಗೆ ಒರಗಿದ್ರೆ ನಿದ್ದೆ ಬರುತ್ತೆ ಕೋಮಲ ಅವ್ರೆ. ಮನುಷ್ಯನಿಗೆ ಬೇಕಾಗಿರೋದು ಕುರ್ಚಿ ಅಲ್ಲ. ಬೆನ್ನು ತಟ್ಟೋ ಒಂದು ಕೈ."

ಮಾತಿಗೆ ಹೇಳುತ್ತಿದ್ದಾನೆ ಎಂದುಕೊಂಡರು ಎಲ್ಲರೂ. ಆತ ಮಾತಿಗೆ ಹೇಳುತ್ತಿರಲಿಲ್ಲ.

ಎರಡು ತಿಂಗಳಲ್ಲಿ ಕಾರ್ಖಾನೆಯ ಅಟ್ಟದ ಮೇಲೊಂದು ಗಾಜಿನ ಕೋಣೆ ಎದ್ದಿತು. ಅದರೊಳಗೆ ಸಾಲಾಗಿ ಪರದೆಗಳು, ಪರದೆಗಳ ಮುಂದೆ ಡಾಕ್ಟರ್ ಪೃಥ್ವಿ ಎಂಬ ನರವಿಜ್ಞಾನಿ. ಪ್ರತಿ ಹೆಂಗಸಿಗೂ ತೋಳಿಲ್ಲದ ಒಂದು ನೀಲಿ ಅಂಗಿ ಬಂತು. ಬೆನ್ನಿನ ಕಡೆ ಒಳಗೆಲ್ಲ ತಣ್ಣಗಿನ ಅಂಟು ಬಿಲ್ಲೆಗಳು. ಕಂಪನಿ ಅದಕ್ಕೆ 'ಪ್ರೇರಣಾ ಕವಚ' ಎಂದು ಹೆಸರಿಟ್ಟಿತು. ಹೆಂಗಸರು ತಟ್ಟಂಗಿ ಎಂದರು. ತಟ್ಟುವ ಅಂಗಿ, ತಟ್ಟಂಗಿ. ಉಳಿದದ್ದು ಆ ಹೆಸರೇ.

ಪೃಥ್ವಿ ಎಲ್ಲರನ್ನೂ ಕೂರಿಸಿ ವಿವರಿಸಿದ. "ಸೂಜಿ ಚುಚ್ಚಿದ್ರೆ ಆ ಸುದ್ದಿ ಮಿದುಳಿಗೆ ಓಡಿ ಹೋಗುತ್ತೆ. ಆದ್ರೆ ಪ್ರೀತಿಯಿಂದ ಯಾರಾದ್ರೂ ಸವರಿದ್ರೆ, ಆ ಸುದ್ದಿ ಒಯ್ಯೋಕೆ ಚರ್ಮದಲ್ಲಿ ಬೇರೆಯೇ ಎಳೆಗಳಿವೆ. ಅವು ನಿಧಾನ, ಮನುಷ್ಯ ನಡೆದುಕೊಂಡು ಹೋದ ಹಾಗೆ. ಅಂಥ ಎಳೆಗಳು ಬೆನ್ನಲ್ಲಿ ಬೇಕಾದಷ್ಟಿವೆ. ಈ ಅಂಗಿ ನೇರವಾಗಿ ಅವುಗಳ ಜೊತೆ ಮಾತಾಡುತ್ತೆ. ನಿಜವಾದ ಒಂದು ಕೈಯ ತಟ್ಟುವಿಕೆಯನ್ನ ದಾಖಲಿಸಿಕೊಂಡು ಹಾಗೇ ನಿಮಗೆ ದಾಟಿಸುತ್ತೆ."

ಯಾರ ಕೈ ಎಂದು ಯಾರೂ ಕೇಳಲಿಲ್ಲ. ಕುರಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಆ ಕಾರ್ಖಾನೆಯಲ್ಲಿ ಯಾವತ್ತೂ ಇರಲಿಲ್ಲ.

ಮೊದಲ ಸಲ ಸುದರ್ಶನ್ ತನ್ನ ಕೈಯನ್ನೇ ದಾಖಲಿಸಿದ್ದ. ಅಧಿಕಾರಿಯೇ ಬೆನ್ನು ತಟ್ಟಿದರೆ ಅದಕ್ಕಿಂತ ಹುರುಪು ಇನ್ನೇನಿದೆ ಎಂಬುದು ಅವನ ಲೆಕ್ಕ. ಮೂರನೆಯ ಲೈನಿನಲ್ಲಿ ಗುಂಡಿ ಒತ್ತಿದರು. ನಲವತ್ತು ಹೆಂಗಸರೂ ಒಟ್ಟಿಗೆ ಕಿರುಚಿ ಎದ್ದು ಹಿಂದಕ್ಕೆ ತಿರುಗಿದರು. "ಯಾವನ್ಲಾ ಅವ್ನು ಬೆನ್ ಮ್ಯಾಲೆ ಕೈ ಇಕ್ಕಿದೋನು?" ಎಂದು ಒಬ್ಬಳು ಕತ್ತರಿಯನ್ನೇ ಎತ್ತಿಕೊಂಡಳು. ತುಂಬಿದ ಬಸ್ಸಿನಲ್ಲಿ ದಿನಾ ಓಡಾಡುವ ಹೆಂಗಸಿಗೆ ಬೆನ್ನ ಮೇಲೆ ಬೀಳುವ ಗೊತ್ತಿಲ್ಲದ ಗಂಡಸಿನ ಕೈ ಎಂದರೇನೆಂದು ಆ ಗಾಜಿನ ಕೋಣೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲವಲ್ಲ! ಎಷ್ಟು ಓದಿದರೇನು ಬಂತು.

ಯಾವ ಬೆನ್ನೂ ಬೇಡ ಎನ್ನದ ಕೈಗಾಗಿ ಅವರು ಹುಡುಕಿದರು. ಅದು ದೂರವೇನೂ ಇರಲಿಲ್ಲ. ಕಾರ್ಖಾನೆಯ ಹಿಂದಿನ ಶಿಶುಮನೆಯಲ್ಲಿ ದೇವೀರಮ್ಮ ಎಂಬ ಆಯಾ ಇದ್ದಳು. ಹೊಲಿಯುವವರ ಮಕ್ಕಳೆಲ್ಲ ಮಧ್ಯಾಹ್ನ ಅವಳ ಕೈಯಲ್ಲೇ ಮಲಗುತ್ತಿದ್ದುದು. ಕೋಮಲಳ ಮಗಳು ಮೈತ್ರಿಯೂ ಅವರಲ್ಲೊಬ್ಬಳು. ಮನೆಯಲ್ಲಿ ಎಷ್ಟು ಹಟ ಮಾಡುವ ಮಗುವಾದರೂ ದೇವೀರಮ್ಮ ತಟ್ಟಿದರೆ ಕಣ್ಣು ಮುಚ್ಚುತ್ತಿತ್ತು. ಕೀಲುನೋವಿನ ತಪಾಸಣೆ ಎಂದು ಹೇಳಿ ಒಂದು ವಾರ ಅವಳ ಕೈಗೆ ತಂತಿಗಳಿರುವ ಕೈಗವಸು ತೊಡಿಸಿದರು. ಅವಳಿಗೋ ಖುಷಿಯೋ ಖುಷಿ. "ನಮ್ ಕಂಪ್ನಿಯೋರು ನನ್ನ ಕೈನೂ ನೋಡ್ಕೊತಾವ್ರೆ ಕಣವ್ವ" ಎಂದು ಸಿಕ್ಕವರಿಗೆಲ್ಲ ತೋರಿಸಿಕೊಂಡು ತಿರುಗಿದಳು.

ಈ ಸಲ ಅಂಗಿ ಕೆಲಸ ಮಾಡಿತು. ಹತ್ತು ಚೀಲದ ಒಂದು ಕಟ್ಟು ಮುಗಿದ ಕೂಡಲೇ ಬೆನ್ನಿಗೆ ಮೂರು ತಟ್ಟು, ಆಮೇಲೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒಂದು ಸವರು. ಮೊದಲ ಸಲ ಅದು ಬಂದಾಗ ಕೋಮಲ ಯಂತ್ರ ನಿಲ್ಲಿಸಿಬಿಟ್ಟಳು. ಅವ್ವ ತೀರಿಕೊಂಡ ಮೇಲೆ ಅವಳ ಬೆನ್ನಿಗೆ ಅಂಥ ಕೈ ತಾಗಿರಲಿಲ್ಲ. ಲಾರಿ ಓಡಿಸುವ ಗಂಡ ಊರಿಗೆ ಬರುವುದೇ ಅಪರೂಪ, ಬಂದರೂ ಅವನ ಬೆನ್ನನ್ನೇ ಇವಳು ಒತ್ತಬೇಕು. ಕಣ್ಣಲ್ಲಿ ನೀರು ತುಂಬಿತು. ಪಕ್ಕದವಳ ಕಣ್ಣಲ್ಲೂ ನೀರು. ಇಬ್ಬರೂ ನಾಚಿಕೊಂಡು ನಕ್ಕು ಮುಂದಿನ ಕಟ್ಟಿಗೆ ಕೈ ಹಾಕಿದರು.

ಆಮೇಲೆ ನೋಡಬೇಕಿತ್ತು ಆ ಓಟವನ್ನು. ಟೀ ತಣ್ಣಗಾದರೂ ಕುಡಿಯುವವರಿಲ್ಲ. ಬಚ್ಚಲಿಗೆ ಹೋಗುವವರಿಲ್ಲ. ಭಾನುವಾರ ಬಂದರೆ ಬೆನ್ನು ಬಿಕೋ ಎನ್ನುವುದು. ಗಂಡಂದಿರನ್ನು ಕರೆದು, "ಒಸಿ ತಟ್ಟಿ ನೋಡಿ" ಎಂದು ತಟ್ಟಿಸಿಕೊಂಡವರೂ ಇದ್ದರು. "ಬೆರಣಿ ತಟ್ಟಿದಂಗೆ ತಟ್ತಾನೆ ಕಣಕ್ಕ, ಏನೂ ಆಗಾಕಿಲ್ಲ" ಎಂದು ಸೋಮವಾರ ಬಸ್ಸಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ದಿನಕ್ಕೆ ಇಷ್ಟು ಕಟ್ಟು ಎಂಬ ಗುರಿ ಏರಿತು. ಹಳೆಯ ತಟ್ಟು ಸಾಲದೆ ಬಂದಾಗ ಗಾಜಿನ ಕೋಣೆಯಲ್ಲಿ ಅಂಗಿಯ ಜೋರನ್ನೂ ಏರಿಸಿದರು. ಕುರ್ಚಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ, ಕೋಮಲಳ ಬಾಯಲ್ಲೂ. ಆಸರೆ ಕೇಳಿದವರ ತುಟಿಗೆ ತುಪ್ಪ ಸವರಿ ಕೂರಿಸಿದ್ದರು, ಅದೂ ಕದ್ದ ತುಪ್ಪ.

ಶಿಶುಮನೆಗೂ ತಟ್ಟುವ ಚಾಪೆಗಳು ಬಂದವು. ಚಾಪೆ ಬಂದ ಮೇಲೆ ಆಯಾ ಏಕೆ? ಸುದರ್ಶನ್ ದೇವೀರಮ್ಮನಿಗೆ ಒಂದು ಶಾಲು ಹೊದಿಸಿ, "ನಿಮ್ಮ ಕೈ ಯಾವಾಗ್ಲೂ ನಮ್ಮ ಜೊತೇಲೇ ಇರುತ್ತೆ ಅಜ್ಜಿ" ಎಂದು ಬೀಳ್ಕೊಟ್ಟ. ಆಶೀರ್ವಾದ ಕೇಳುತ್ತಿದ್ದಾನೆ ಎಂದುಕೊಂಡ ಆ ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟು ಹರಸಿ ಹೋದಳು.

ಅದು ನಡೆದು ಕೆಲವು ತಿಂಗಳಾಗಿತ್ತು. ಒಂದು ಭಾನುವಾರ ಕೋಮಲ ಮನೆಯ ಹೊಸಿಲ ಬಳಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬೆನ್ನಿನ ಮೇಲೆ ಏನೋ ಭಾರ ಬಿತ್ತು. ಅವಳು ಯೋಚಿಸಲಿಲ್ಲ. ದಿನಾ ನೂರು ಚೀಲ ಹೆಗಲಿಗೆ ಹಾಕಿ ಪಟ್ಟಿ ಎಳೆದು ನೋಡಿ ಇಳಿಸುವವಳು, ಅದೇ ಅಭ್ಯಾಸದಲ್ಲಿ ಹೆಗಲು ಕೊಡವಿದಳು. ಭಾರ ಕೆಳಗೆ ಬಿದ್ದು ಚೀರಿತು.

ಮೈತ್ರಿ. ಅವ್ವನ ಕುತ್ತಿಗೆಗೆ ಜೋತುಬೀಳಲು ಹಿಂದಿನಿಂದ ಹತ್ತಿದ್ದ ಮಗು. ಗಲ್ಲ ಹೊಸಿಲಿಗೆ ಬಡಿದು ಸೀಳಿ ರಕ್ತ ಸುರಿಯುತ್ತಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಮಗು ಅಕ್ಕಪಕ್ಕದವರಿಗೆಲ್ಲ ಒಂದೇ ಮಾತು ಹೇಳಿತು. "ಅವ್ವ ಬೀಳಿಸ್ಲಿಲ್ಲ. ಅವ್ವನ ಬೆನ್ನು ನಿದ್ದೆ ಮಾಡ್ತಾ ಇತ್ತು."

ಕೋಮಲ ಮಗಳನ್ನು ಬೆನ್ನಿಗೆ ಏರಿಸಿಕೊಂಡಳು, ಇಳಿಸಿದಳು, ಮತ್ತೆ ಏರಿಸಿಕೊಂಡಳು. ಭಾರ ಗೊತ್ತಾಯಿತು, ಬೆಚ್ಚಗಿರುವುದೂ ಗೊತ್ತಾಯಿತು. ಅದರಾಚೆ ಏನೂ ಇಲ್ಲ. ಬೆನ್ನ ಮೇಲಿರುವುದು ಮಗಳೆಂದು ತಲೆಗೆ ಗೊತ್ತು, ಬೆನ್ನಿಗೆ ಗೊತ್ತಿಲ್ಲ.

ಮರುದಿನ ಅವಳು ಯಾರ ಅಪ್ಪಣೆಯನ್ನೂ ಕೇಳದೆ ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ನುಗ್ಗಿದಳು. ಪೃಥ್ವಿ ಒಬ್ಬನೇ ಇದ್ದ. ಮಗು ಬಿದ್ದದ್ದನ್ನು ಕೇಳಿ ಅವನ ಮುಖ ಬಾಡಿತು, ಆದರೆ ಆಶ್ಚರ್ಯ ಕಾಣಲಿಲ್ಲ. ಪರದೆಯ ಮೇಲೆ ಒಂದು ಗೆರೆ ತೋರಿಸಿದ. ಮೊದಲು ಅಲೆ ಅಲೆಯಾಗಿದ್ದ ಗೆರೆ ಈಚೆಗೆ ನೆಲ ಸಾರಿಸಿದ ಹಾಗೆ ಮಟ್ಟಸವಾಗಿತ್ತು.

"ಇದು ನಿಮ್ಮ ಬೆನ್ನಿನ ಎಳೆಗಳು. ಅಂಗಿ ಕೂಗಿ ಕೂಗಿ ಮಾತಾಡಿದ್ರಿಂದ ಇವಕ್ಕೆ ಕಿವುಡು ಬಂದಿದೆ. ಅಂಗಿಯ ಜೋರಿಗೆ ಮಾತ್ರ ಏಳ್ತವೆ. ಮನುಷ್ಯರ ಕೈ ಇವಕ್ಕೆ ಕೇಳಿಸೋದಿಲ್ಲ."

"ಹಿಂಗಾಯ್ತದೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

ಆತ ಪರದೆ ಆರಿಸಿದ. "ಅನುಮಾನ ಇತ್ತು. ವರದಿ ಕೊಟ್ಟಿದ್ದೆ. ಉತ್ಪಾದನೆ ಏರ್ತಿರುವಾಗ ನಿಲ್ಲಿಸೋದು ಬೇಡ ಅಂದ್ರು."

"ಅಂಗಿ ಬುಟ್ರೆ ಸರಿಹೋಯ್ತದಾ?"

"ಹೋಗಬಹುದು. ವರ್ಷ ಹಿಡೀಬಹುದು. ಪೂರ್ತಿ ಬಾರದೆಯೂ ಇರಬಹುದು. ಆದ್ರೆ ಅಂಗಿ ಇಲ್ದೆ ಗೇಟು ತೆರೆಯೋದಿಲ್ವಲ್ಲ ಕೋಮಲ ಅವರೇ." ಇಷ್ಟು ಹೇಳಿದವನು ಸಮಾಧಾನ ಮಾಡುವವನಂತೆ ಮೇಜಿನ ಖಾನೆಯಿಂದ ಗುಲಾಬಿ ಬಣ್ಣದ ಪುಟ್ಟದೊಂದು ಕೈಗವಸು ತೆಗೆದ. "ಇದಕ್ಕೂ ಪರಿಹಾರ ಮಾಡಿದ್ದೀವಿ. ಮಗು ಇದನ್ನ ಹಾಕಿಕೊಂಡು ಮುಟ್ಟಿದ್ರೆ ನಿಮ್ಮ ಅಂಗಿಗೆ ಗೊತ್ತಾಗುತ್ತೆ, ನಿಮಗೂ ಗೊತ್ತಾಗುತ್ತೆ. ಪ್ರೇರಣಾ ದಿನದಂದು ಅತ್ಯುತ್ತಮ ಕೆಲಸಗಾರ್ತಿಗೆ ಇದೇ ಬಹುಮಾನ. ಈ ಸಲ ನೀವೇ ಮೊದಲು."

ನೋಡಿ, ಎಂಥ ಬುದ್ಧಿ! ಮನೆಯ ಬಾವಿಗೆ ಮಣ್ಣು ತುಂಬಿ, ಅದೇ ಮನೆಯವರಿಗೆ ಬಾಟಲಿ ನೀರು ಬಹುಮಾನ ಕೊಡುವ ಬುದ್ಧಿ. ಕೋಮಲಳಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಆದರೆ ಆ ಕೈಗವಸಿನಿಂದ ಕಣ್ಣು ಕೀಳಲೂ ಆಗಲಿಲ್ಲ. ಮಗಳ ಕೈ ಮತ್ತೆ ತಿಳಿಯುತ್ತದೆಂದರೆ ಯಾವ ತಾಯಿ ಬೇಡ ಎಂದಾಳು?

ಬಾಗಿಲವರೆಗೆ ಹೋದವಳು ತಿರುಗಿ ಕೇಳಿದಳು. "ಈ ಅಂಗಿಲಿ ತಟ್ಟದು ಯಾರ ಕೈ?"

ಆತ ನಿಜ ಹೇಳಿದ.

ಸಂಜೆ ಬಸ್ಸಿನಿಂದ ಇಳಿದವಳು ಮಗಳನ್ನು ಸೊಂಟಕ್ಕೆ ಹಾಕಿಕೊಂಡು ನೇರ ದೇವೀರಮ್ಮನ ಮನೆಗೆ ಹೋದಳು. ಮುದುಕಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವಳು ಹಿಟ್ಟು ಮೆತ್ತಿದ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಅಲ್ಲ ಕಣವ್ವ, ಈ ಕೈ ಇಲ್ಲೇ ಅದಲ್ಲ. ಇದನ್ನ ಹೆಂಗೆ ಕದ್ದರು?"

"ಕದ್ದವ್ರೆ ದೇವೀರವ್ವ. ನಿಂಗೆ ನೋವಾಗದಂಗೆ ಕದ್ದವ್ರೆ."

"ಎಲ್ಲಿ, ತಿರುಗು ನೋಡಾನ." ಮುದುಕಿ ಕೈ ತೊಳೆದು ಬಂದು ಕೋಮಲಳ ಬೆನ್ನು ತಟ್ಟಿದಳು. ಮೂರು ಸಲ, ಆಮೇಲೆ ನಿಧಾನವಾಗಿ ಒಂದು ಸವರು. "ಈಗ?"

ಕೋಮಲ ತಲೆಯಾಡಿಸಿದಳು. ಏನೂ ಇಲ್ಲ.

ದೇವೀರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳ ಕಣ್ಣು ಕೆಂಪಾಗಿತ್ತು. "ನನ್ನ ಕೈಲಿ ಎಷ್ಟು ಮಕ್ಳು ಮಲಗವೆ ಗೊತ್ತಾ? ಒಂದು ಮಗುನೂ ನಾನು ಕೆಲ್ಸ ಮಾಡು ಅಂತ ತಟ್ಟಿಲ್ಲ. ಮಲಿಕ್ಕೊ ಅಂತ ತಟ್ಟಿರದು. ದಣಿವಾರಿಸ್ಕೊ ಅಂತ. ಆ ಕೈನ ಇಕ್ಕೊಂಡು ನಿಮ್ಮನ್ನ ಗಾಣದೆತ್ತು ಮಾಡವ್ರಲ್ಲವ್ವ! ಈ ಪಾಪ ಅವ್ರಿಗೆ ತಟ್ಟದೆ ಬುಡಾಕಿಲ್ಲ."

ಪಾಪ ತಟ್ಟುವುದನ್ನು ಕಾಯುತ್ತ ಕೂರುವ ತಾಳ್ಮೆ ಕೋಮಲಳಿಗೆ ಇರಲಿಲ್ಲ. "ಪ್ರೇರಣಾ ದಿನಕ್ಕೆ ಮನೆಯೋರನ್ನ ಕರ್ಕೊಂಡು ಬರಬೋದಂತೆ. ನೀನು ಬಾ" ಎಂದಳು.

ಆ ದಿನ ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಎಂಟುನೂರು ನೀಲಿ ಅಂಗಿಗಳು ಸಾಲಾಗಿ ಕೂತಿದ್ದವು. ಅಂದು ಮಾತ್ರ ಬಾಡಿಗೆಗೆ ತಂದ ಬೆನ್ನಿರುವ ಕುರ್ಚಿಗಳು! ಕಂಪನಿಯ ಯಜಮಾನರು ವೇದಿಕೆಯ ಮೇಲಿದ್ದರು. ಕೋಮಲಳ ಹೆಸರು ಕರೆದರು. ಅವಳು ಗಲ್ಲದ ಮೇಲೆ ಪಟ್ಟಿ ಅಂಟಿಸಿಕೊಂಡಿದ್ದ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿದಳು. ದೇವೀರಮ್ಮ ಮೊದಲ ಸಾಲಿನ ತುದಿಯಲ್ಲಿ ಕೂತಿದ್ದಳು.

"ಈಗ ತಾಯಿ ಮಗಳ ಮಿಲನ!" ಎಂದು ಸುದರ್ಶನ್ ಮೈಕಿನಲ್ಲಿ ಕೂಗಿ, ಗುಲಾಬಿ ಕೈಗವಸನ್ನು ಮೈತ್ರಿಯ ಕೈಗೆ ತಾನೇ ತೊಡಿಸಿದ. "ಅಮ್ಮನ್ನ ಮುಟ್ಟು ಪುಟ್ಟಿ."

ಮೈತ್ರಿ ಅಂಜುತ್ತಾ ಅವ್ವನ ಬೆನ್ನು ಮುಟ್ಟಿದಳು.

ಕೋಮಲಳ ಬೆನ್ನಿಗೆ ಅದು ಗೊತ್ತಾಯಿತು. ಮೂರು ತಟ್ಟು, ಒಂದು ಸವರು. ಎಷ್ಟು ಹಿತ! ಮೈಯೆಲ್ಲ ಬೆಣ್ಣೆಯಾಯಿತು, ಕಣ್ಣೀರು ಧಾರೆಯಾಗಿ ಹರಿಯಿತು. ಕೂತವರು ಚಪ್ಪಾಳೆ ತಟ್ಟಿದರು, ಫೋಟೋದವನು ಓಡಿ ಬಂದ. "ಇನ್ನೊಂದು ಕೂಸೆ" ಎಂದಳು ಕೋಮಲ, ಆಸೆ ತಡೆಯಲಾರದೆ. ಮಗು ಈ ಸಲ ಕಚಗುಳಿ ಇಟ್ಟಿತು. ಬಂದದ್ದು ಮೂರು ತಟ್ಟು, ಒಂದು ಸವರು. ಗಿಲ್ಲಿತು. ಮೂರು ತಟ್ಟು, ಒಂದು ಸವರು. ಜನರ ಗದ್ದಲಕ್ಕೆ ಹೆದರಿ, "ಮನೆಗೆ ಹೋಗಾನ ಅವ್ವ" ಎಂದು ಅಳುತ್ತ ಸಿಟ್ಟಿನಿಂದ ಗುದ್ದಿತು. ಆಗಲೂ ಅದೇ ಹಿತ, ಅದೇ ಶಭಾಷ್‌ಗಿರಿ.

ಮಗಳು ಹಿಂದೆ ನಿಂತು ಅಳುತ್ತಿದ್ದಾಳೆ, ಬೆನ್ನಿಗೆ ಮಾತ್ರ ಅದು ಮೆಚ್ಚುಗೆಯಾಗಿ ಬರುತ್ತಿದೆ. ಕೋಮಲಳಿಗೆ ಮೈ ಉರಿದುಹೋಯಿತು. ತಿರುಗಿ ಮಗಳನ್ನು ಎತ್ತಿಕೊಂಡು ಆ ಕೈಗವಸನ್ನು ಕಿತ್ತು ಯಜಮಾನರ ಮೇಜಿನ ಮೇಲೆಸೆದಳು. ಸುದರ್ಶನನ ಕೈಯಿಂದ ಮೈಕು ಕಸಿದುಕೊಂಡಳು.

"ಇದು ನನ್ನ ಮಗಳ ಕೈಯಲ್ಲ ಕಣ್ರವ್ವ! ನಾವು ದಿನಾ ತಟ್ಟಿಸ್ಕೊತಾ ಇರೋದು ಯಾರ ಕೈ ಗೊತ್ತಾ? ಅಕೋ ಅಲ್ಲಿ ಕೂತವ್ಳೆ ನೋಡಿ, ದೇವೀರವ್ವ. ಅವಳ ಕೈ ಕದ್ದು ಅವಳನ್ನೇ ಆಚೆಗೆ ಹಾಕಿದ್ರು. ಮನೇಲಿ ನಿಮ್ಮ ಮಕ್ಳು ಮುಟ್ಟಿದ್ರೆ ನಿಮಗೆ ಗೊತ್ತಾಯ್ತದಾ? ನಿಜ ಹೇಳಿ. ಗೊತ್ತಾಯ್ತದಾ? ನಾನು ನನ್ನ ಕೂಸನ್ನ ಚೀಲ ಅಂದ್ಕೊಂಡು ಕೊಡವಿ ಕೆಡವಿದೆ. ಇದು ವಾಸಿಯಾಯ್ತದೋ ಇಲ್ವೋ ಮಾಡಿದೋರಿಗೇ ಗೊತ್ತಿಲ್ಲ!"

ಶಾಮಿಯಾನದಲ್ಲಿ ಗುಜುಗುಜು ಎದ್ದಿತು. ತಮಗೊಬ್ಬರಿಗೇ ಹೀಗಾಗಿದೆ ಎಂದುಕೊಂಡು ಯಾರಿಗೂ ಹೇಳದೆ ನುಂಗಿಕೊಂಡವರೇ ಎಲ್ಲರೂ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರು ಎದ್ದು ನಿಂತರು.

ಸುದರ್ಶನ್ ಅಟ್ಟದ ಗಾಜಿನ ಕೋಣೆಯತ್ತ ಕೈಯೆತ್ತಿ ಸನ್ನೆ ಮಾಡಿದ. ಮರುಕ್ಷಣ ಎಂಟುನೂರು ಬೆನ್ನುಗಳ ಮೇಲೆ, ಯಾವ ಕಟ್ಟೂ ಮುಗಿಯದೆ, ಯಾವ ಚೀಲವೂ ಹೊಲಿಯದೆ, ಆ ತಟ್ಟು ಶುರುವಾಯಿತು. ಹಿಂದೆಂದೂ ಇಲ್ಲದಷ್ಟು ಜೋರು. ಎದ್ದವರು ಕೂತರು. ಮುಖದ ಗಂಟುಗಳು ಸಡಿಲಾದವು, ರೆಪ್ಪೆಗಳು ಭಾರವಾದವು. ಕೋಮಲಳ ನಾಲಿಗೆಯೂ ತೊದಲಿತು. ಇನ್ನರೆಗಳಿಗೆಯಾಗಿದ್ದರೆ ಎಲ್ಲ ಮುಗಿಯುತ್ತಿತ್ತು.

ಆಗ ದೇವೀರಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಳು. ಆ ಸಾಲಿನಲ್ಲಿ ಅಂಗಿಯಿಲ್ಲದವಳು ಅವಳೊಬ್ಬಳೇ. ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಲಕ್ಕೆ ಚಾಚಿ ಗಂಟಲು ಹರಿಯುವ ಹಾಗೆ ಕೂಗಿದಳು.

"ನೋಡ್ರವ್ವ ಇಲ್ಲಿ! ನನ್ನ ಕೈ ಇಲ್ಲೇ ಅವೆ! ನಾನು ತಟ್ತಾ ಇಲ್ಲ! ಯಾರನ್ನೂ ತಟ್ತಾ ಇಲ್ಲ!"

ಹೆಂಗಸರು ಆ ಬರಿಗೈಗಳನ್ನು ನೋಡಿದರು. ಬೆನ್ನ ಮೇಲೆ ಅದೇ ಕೈ ತಟ್ಟುತ್ತಲೇ ಇತ್ತು. ಮೂರನೆಯ ಲೈನಿನ ಒಬ್ಬಳು, ಹೇಸಿಗೆಯ ಹುಳು ಹತ್ತಿದ ಹಾಗೆ ಅಂಗಿಯನ್ನು ಕಿತ್ತು ನೆಲಕ್ಕೆಸೆದು ಸೆರಗು ಹೊದ್ದಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಎಲ್ಲೆಲ್ಲೂ ಗುಂಡಿ ಬಿಚ್ಚುವ ಸದ್ದು.

ಎಲ್ಲರೂ ಬಿಚ್ಚಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧದಷ್ಟು ಹೆಂಗಸರು ಅಂಗಿಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದುಕೊಂಡೇ ಕೂತಿದ್ದರು. ಅವರನ್ನು ಬೈಯುವುದು ಹೇಗೆ? ಅವರ ಬೆನ್ನಿಗೆ ಅದೊಂದೇ ಕೈ ಉಳಿದಿತ್ತು.

ಮರುದಿನ ಬೆಳಗ್ಗೆ ಗೇಟು ಅಂಗಿ ಇದ್ದವರಿಗೆ ತೆರೆಯಿತು, ಇಲ್ಲದವರಿಗೆ ಮುಚ್ಚಿತು. ಮುಚ್ಚಿದ ಗೇಟಿನ ಮುಂದೆ ನಾನೂರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಿಸಿಲಲ್ಲಿ ಕೂತರು. ಕಂಪನಿ ಒಂದು ವಾರ ಅವರನ್ನು ತಿರುಗಿಯೂ ನೋಡಲಿಲ್ಲ. ಎರಡನೆಯ ವಾರ ಕಾರ್ಮಿಕ ಇಲಾಖೆಯ ಜೀಪು ಬಂತು. ಪೃಥ್ವಿ ತನ್ನ ವರದಿಯ ಪ್ರತಿಯನ್ನು ಇಲಾಖೆಯವರ ಕೈಗಿಟ್ಟನಂತೆ, ಇಷ್ಟು ದಿನ ಇಲ್ಲದ ಧೈರ್ಯ ಎಲ್ಲಿಂದ ಬಂತೋ. ತನಿಖೆ ನಡೆಯುತ್ತಿದೆ ಎಂದರು. ನಡೆಯುತ್ತಲೇ ಇತ್ತು.

ಕೋಮಲ ದಿನಾ ಬಂದು ಗೇಟಿನ ಎದುರಿನ ಹೊಂಗೆಯ ಮರದಡಿ ಕೂರುತ್ತಿದ್ದಳು. ಮೈತ್ರಿ ಹಿಂದೆ ನಿಂತು ಅವ್ವನ ಬೆನ್ನಿಗೆ ತನ್ನ ಬರಿಯ ಅಂಗೈಯನ್ನು ಒತ್ತುತ್ತಿದ್ದಳು.

"ನಾನು ಬಂದ್ನಾ ಅವ್ವ?"

ಬಂದೆ ಎಂದು ಒಂದು ಸುಳ್ಳು ಹೇಳಿದ್ದರೆ ಮಗು ಕುಣಿಯುತ್ತಿತ್ತು. ಇಷ್ಟು ದಿನ ಬೆನ್ನಿಗೆ ಬಿದ್ದ ಸುಳ್ಳೇ ಸಾಕಾಗಿತ್ತು ಅವಳಿಗೆ.

"ಕೈ ಬಂತು ಮಗ. ನೀನಿನ್ನೂ ಬಂದಿಲ್ಲ. ಬುಡಬ್ಯಾಡ, ತಟ್ಟು."